ಹಳದಿ ದೀಪದ ಷರಾ

ಮಾರ್ಚ್ 5, 2019, ಮಂಗಳವಾರ

ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದವನಿಗೆ ದಿನ ಮುಗಿದ ಮೇಲೆ ನಾಲ್ಕು ಸಾಲು ಬರೆಯದಿದ್ದರೆ ಕೈ ಸುಮ್ಮನಿರುವುದಿಲ್ಲ. ಭಾಲ್ಕಿ ಡಿಪೋದಲ್ಲಿ ಲಾಗ್‌ಶೀಟ್ ಇತ್ತು. ನಿವೃತ್ತಿಯಾಗಿ ಏಳು ತಿಂಗಳಾಯಿತು. ಈಗ ಗಾಂಧಿ ಗಂಜದ ಧಾನ್ಯದ ಅಡತ ಅಂಗಡಿಯವರು ಹಂಚಿ ಉಳಿದಿದ್ದ ಡೈರಿಯೊಂದನ್ನು ಕೇಳಿ ತಂದಿದ್ದೇನೆ. ಕೇಶರಬಾಯಿ ನೋಡಿ, ಇದಕ್ಕೆ ಸಹಿ ಹಾಕುವ ಮ್ಯಾನೇಜರ್ ಯಾರು, ತಾನೇ ಏನು ಎಂದು ಕೇಳಿದಳು. ಹೆಂಡತಿಗೆ ತೋರಿಸುವಂಥದ್ದೇನೂ ಇದರಲ್ಲಿ ಇರುವುದಿಲ್ಲ ಎಂದೆ.

ಇವತ್ತು ಹೊಸ ಕೆಲಸಕ್ಕೆ ಸೇರಿದೆ. ಬೀದರದ ಒಂದು ಸೇವಾ ಸಂಸ್ಥೆ ಬರ ಬಿದ್ದ ಊರುಗಳಿಗೆ ಸಂಚಾರಿ ದವಾಖಾನೆ ಕಳಿಸುತ್ತದೆ. ನಾನು ಡ್ರೈವರು, ಅಂಜನಾಬಾಯಿ ಎಂಬ ಇಪ್ಪತ್ತಾರರ ಹುಡುಗಿ ನರ್ಸು. ಗಾಡಿ ಯಾವುದೋ ಕಂಪನಿಯವರು ದಾನ ಕೊಟ್ಟದ್ದು, ಏಳು ಸೀಟಿನದು, ಎಲ್ಲಕ್ಕಿಂತ ಮೇಲಿನ ಮಾಡೆಲ್ಲು. ಅದನ್ನು ಒಪ್ಪಿಸಲು ಬಂದ ಹುಡುಗ ಒಂದು ತಾಸು ಪಾಠ ಹೇಳಿದ. ಗಾಡಿ ಜಾರತೊಡಗಿದರೆ ಅದಕ್ಕೇ ತಿಳಿಯುತ್ತದಂತೆ. ನಾವು ಸ್ಟೇರಿಂಗ್ ತಿರುಗಿಸಿದ ಕಡೆಗೆ ಗಾಡಿ ಹೋಗದಿದ್ದರೆ ತಾನೇ ಬ್ರೇಕು ಹಿಡಿದು ದಾರಿಗೆ ತರುತ್ತದಂತೆ. ಆಗ ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರವಿರುವ ಹಳದಿ ದೀಪ ಮಿಣುಕುತ್ತದೆ. ಇ.ಎಸ್.ಸಿ. ಎಂದು ಅದರ ಹೆಸರು. ಹಾಗಾದರೆ ನನಗೆ ಸಂಬಳ ಯಾಕೆ ಎಂದು ಕೇಳಿದೆ. ಹುಡುಗ ನಕ್ಕ. ನಾನು ತಮಾಷೆಗೆ ಕೇಳಿದ್ದಲ್ಲ.

ಮಾರ್ಚ್ 12, ಮಂಗಳವಾರ

ಔರಾದ ತಾಲೂಕಿನಲ್ಲಿ ಮೂರು ಊರು ಮುಗಿಸಿದೆವು. ಮೂರರಲ್ಲೂ ಬೀಗ ಹಾಕಿದ ಬಾಗಿಲುಗಳೇ ಹೆಚ್ಚು. ಜನ ಹೈದರಾಬಾದಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಗಂಟುಮೂಟೆ ಹೊತ್ತು ನನ್ನ ಬಸ್ಸು ಹತ್ತುತ್ತಿದ್ದವರನ್ನು ಇಷ್ಟು ವರ್ಷ ನೋಡಿದ್ದೆ. ಅವರು ಬಿಟ್ಟುಹೋದ ಓಣಿ ಹೇಗಿರುತ್ತದೆ ಎಂದು ಈಗ ನೋಡುತ್ತಿದ್ದೇನೆ. ಉಳಿದವರು ಬಸುರಿಯರು, ಬಾಣಂತಿಯರು, ಭೇದಿ ಹತ್ತಿದ ಮಕ್ಕಳು. ಮಾಂಜ್ರಾ ಸೇತುವೆ ದಾಟುವಾಗ ಕೆಳಗೆ ನೋಡಿದರೆ ಹೊಳೆಯಲ್ಲಿ ಟ್ರ್ಯಾಕ್ಟರು ಓಡಾಡಿದ ಗುರುತು ಕಾಣುತ್ತಿತ್ತು.

ಅಂಜನಾಗೆ ಲೈಸೆನ್ಸ್ ಇದೆ, ಕೈ ಪಳಗಿಲ್ಲ. ನನಗೆ ಹುಷಾರಿಲ್ಲದ ದಿನ ಗಾಡಿ ನಿಲ್ಲಬಾರದು, ಅವಳಿಗೂ ಕಲಿಸಿ ಎಂದಿದ್ದಾರೆ ಸಂಸ್ಥೆಯವರು. ಮೊದಲ ವಾರ ಸ್ಟೇರಿಂಗ್ ಮುಟ್ಟಿಸುವುದಿಲ್ಲ, ಗಾಜು ಒರೆಸು, ಎಂಜಿನ್ನಿನ ಸದ್ದು ಕೇಳು ಎಂದೆ. ನನ್ನ ಉಸ್ತಾದರು ನನಗೆ ಹಾಗೆಯೇ ಕಲಿಸಿದ್ದರು. ಬೆಳಗ್ಗೆ ಚಪ್ಪಲಿ ಬಿಚ್ಚಿ ಸ್ಟೇರಿಂಗನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುವುದನ್ನೂ ತೋರಿಸಿದೆ. ಹುಡುಗಿ ಕಿಸಕ್ಕೆಂದಳು, ಆದರೆ ಮಾಡಿದಳು. ನನ್ನನ್ನು ಕಾಕಾ ಎನ್ನುತ್ತಾಳೆ. ಜನವಾಡದವಳು, ದಿನವೂ ಬಸ್ಸಿಗೆ ಬೀದರಕ್ಕೆ ಬರುತ್ತಾಳೆ.

ಮಾರ್ಚ್ 20, ಬುಧವಾರ

ಮನಸ್ಸು ಸರಿಯಿಲ್ಲ.

ಔರಾದ ರಸ್ತೆಯಲ್ಲಿ ಒಂದು ಕಡೆ ಡಾಂಬರು ಕಿತ್ತು ಮೊರಂ ಹಾಕಿದ್ದಾರೆ. ಆಡೊಂದು ಅಡ್ಡ ಬಂತು. ಎಡಕ್ಕೆ ಎಳೆದು ಬಲಕ್ಕೆ ತಂದೆ, ಸಾವಿರ ಸಲ ಮಾಡಿದ ಕೆಲಸ. ಅಷ್ಟರಲ್ಲಿ ಕಾಲ ಕೆಳಗೆ ಏನೋ ಗರಗರ ಅಂತು, ಎಂಜಿನ್ನು ತಾನೇ ಸೊರಗಿತು, ಆ ಹಳದಿ ದೀಪ ಮಿಣಮಿಣ ಅಂತು. ಗಾಡಿ ನೆಟ್ಟಗಾಯಿತು. ಅಂಜನಾ ದೀಪದ ಕಡೆ ಬೊಟ್ಟು ಮಾಡಿ, "ಕಾಕಾ, ಗಾಡಿ ಹಿಡೀತು ನೋಡ್ರಿ" ಎಂದಳು. ಹಿಡಿದದ್ದು ನಾನು ಎಂದೆ.

ಡಿಪೋದಲ್ಲಿ ಒಬ್ಬೊಬ್ಬ ಡ್ರೈವರಿಗೆ ಒಂದು ಡಿಫಾಲ್ಟ್ ಕಾರ್ಡು. ತಪ್ಪು ಮಾಡಿದರೆ ಸಾಹೇಬರು ಅದರಲ್ಲಿ ಕೆಂಪು ಶಾಯಿಯಲ್ಲಿ ಷರಾ ಬರೆಯುತ್ತಾರೆ. ಕೆಂಪು ಷರಾ ಬಿದ್ದವನು ಚಹಾದ ಅಂಗಡಿಯಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದ. ನನ್ನ ಕಾರ್ಡು ಕೊನೆಯವರೆಗೂ ಬೆಳ್ಳಗಿತ್ತು. ಅಪಘಾತವಿಲ್ಲದ ಚಾಲಕನೆಂದು ಬೆಳ್ಳಿಯ ಪದಕವಿದೆ. ಯಾವ ಸಾಹೇಬನೂ ಬರೆಯದ ಷರಾವನ್ನು ಒಂದು ಗಾಡಿ, ಅದೂ ನಾನು ಕಲಿಸುವ ಹುಡುಗಿಯ ಎದುರು, ಬರೆದುಬಿಟ್ಟಿತು.

ಮಾರ್ಚ್ 22, ಶುಕ್ರವಾರ

ಪುಸ್ತಕ ಓದಿ ಕಂಡುಹಿಡಿದೆ. ಸ್ಟೇರಿಂಗಿನ ಬಲಗಡೆ ಕೆಳಗೆ ಒಂದು ಬಟನ್ ಇದೆ. ಮೂರು ಸೆಕೆಂಡು ಒತ್ತಿ ಹಿಡಿದರೆ ಆ ವ್ಯವಸ್ಥೆ ಬಂದ್. ಆಗ ದೀಪ ಮಿಣುಕುವುದಿಲ್ಲ, ಒಂದೇ ಸಮ ಉರಿದುಕೊಂಡು ತೆಪ್ಪಗಿರುತ್ತದೆ. ಒಂದೇ ಪೇಚು, ಗಾಡಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಅದೂ ತಾನೇ ಚಾಲೂ ಆಗಿಬಿಡುತ್ತದೆ. ಪರವಾಗಿಲ್ಲ. ಸ್ಟೇರಿಂಗಿಗೆ ಕೈ ಮುಗಿದ ಮೇಲೆ ಅದನ್ನೂ ಒತ್ತಿದರಾಯಿತು.

ಇವತ್ತು ಇಡೀ ದಿನ ಯಾರ ಷರಾವೂ ಇಲ್ಲದೆ ಓಡಿಸಿದೆ. ಹಳೆಯ ಬಸ್ಸಿನಷ್ಟೇ ಹಾಯಾಗಿತ್ತು.

ಏಪ್ರಿಲ್ 8, ಸೋಮವಾರ

ಯುಗಾದಿಯ ಹೋಳಿಗೆ ಹೆಚ್ಚಾಗಿ ಹೊಟ್ಟೆ ಕೆಟ್ಟಿತ್ತು. ನಾನು ಪಕ್ಕದಲ್ಲಿ ಕುಳಿತೆ, ಅಂಜನಾ ಓಡಿಸಿದಳು. ಅವಳು ಬಟನ್ ಒತ್ತಲಿಲ್ಲ. ಕಲಿಯುವವಳಿಗೆ ಇರಲಿ ಎಂದು ನಾನೂ ಹೇಳಲಿಲ್ಲ.

ಸಂತಪುರ ದಾಟಿದ ಮೇಲೆ ಎದುರಿಗೆ ಜೀಪು. ಮೇಲೆ ಹಾಸಿಗೆ ಸುರುಳಿ, ಕೊಡ, ಒಳಗೆ ಇಪ್ಪತ್ತು ಜನ, ಹೈದರಾಬಾದಿಗೆ ಹೊರಟಿರಬೇಕು. ನಮ್ಮ ದಾರಿಗೇ ಬಂತು. ಹುಡುಗಿ ಹೆದರಿ ಒಮ್ಮೆಲೇ ಎಡಕ್ಕೆ ತಿರುಗಿಸಿದಳು, ಎರಡು ಗಾಲಿ ಮಣ್ಣಿಗೆ ಇಳಿದವು, ಮತ್ತೆ ಒಮ್ಮೆಲೇ ಬಲಕ್ಕೆ. ಮಾಡಬಾರದ್ದನ್ನೆಲ್ಲ ಮಾಡಿದಳು. ಹಿಂದಿನ ಭಾಗ ಹೊರಳತೊಡಗಿತು. ಬಿದ್ದೆವು ಎಂದುಕೊಂಡೆ. ಗರಗರ ಸದ್ದು, ಹಳದಿ ದೀಪ, ಗಾಡಿ ನೆಟ್ಟಗೆ ರಸ್ತೆಯಲ್ಲಿ ನಿಂತಿತ್ತು.

ಅಂಜನಾ ಇಳಿದು ಜಾಲಿಮರದ ನೆರಳಲ್ಲಿ ಕುಳಿತಳು. "ನಾ ಏನೂ ಮಾಡ್ಲಿಲ್ರಿ ಕಾಕಾ. ಅದ ತಿರುಗ್ತು" ಎಂದಳು. ಸ್ಟೇರಿಂಗ್ ಹಾಗೆ ಎಳೆಯಬಾರದೆಂದು ಚೆನ್ನಾಗಿ ಬೈದೆ. ಕಲಿಯುವವರಿಗೆ ಇದೊಂದು ಊರುಗೋಲು, ಒಪ್ಪುತ್ತೇನೆ. ಕಾಲು ಗಟ್ಟಿ ಇದ್ದವನು ಊರುಗೋಲು ಹಿಡಿದು ನಡೆದರೆ ಜನ ನಗುತ್ತಾರೆ.

ಏಪ್ರಿಲ್ 27, ಶನಿವಾರ

ದಾರಿಯಲ್ಲಿ ಅಮೀರ ಪಾಶಾ ಸಿಕ್ಕ. ಹದಿನೆಂಟು ವರ್ಷದ ಹಿಂದೆ ನನ್ನಿಂದ ಡ್ರೈವಿಂಗ್ ಕಲಿತವನು, ಈಗ ನೀರಿನ ಟ್ಯಾಂಕರ್ ಓಡಿಸುತ್ತಾನೆ. ದಿನಕ್ಕೆ ಎಂಟು ಖೇಪು. ಟ್ಯಾಂಕರು ಬಂದರೆ ಹೆಂಗಸರು ಕೊಡ ಹಿಡಿದು ಓಡಿಬರುತ್ತಾರೆ, ಅರ್ಧ ಗಂಟೆಯಲ್ಲಿ ಖಾಲಿ. ಹಿಂದಿನ ವಾಲ್ವು ಸೋರುತ್ತದೆ. ಸೈಕಲ್ ಟ್ಯೂಬು, ಹಳೆಯ ಲುಂಗಿ ಸುತ್ತಿ ಕಟ್ಟಿದ್ದಾನೆ, ಆದರೂ ತಿರುವಿನಲ್ಲಿ ಟ್ಯಾಂಕರು ವಾಲಿದಾಗ ಧೋ ಎಂದು ಸುರಿಯುತ್ತದೆ. ಬರಗಾಲದಲ್ಲಿ ರಸ್ತೆ ಒದ್ದೆಯಾಗಿರುವುದು ಅವನು ಹೋದ ಕಡೆ ಮಾತ್ರ. ಹೊಲದಿಂದ ಬರುವ ಟ್ರ್ಯಾಕ್ಟರುಗಳು ಕರಿಮಣ್ಣು ಉದುರಿಸಿ ಹೋಗುತ್ತವೆ, ಮೇಲೆ ಈ ನೀರು. ಜನವಾಡದ ಈಚೆಯ ತಿರುವು ಎರೆ ಕೆಸರಾಗಿದೆ.

ಮಾಲಕನಿಗೆ ಹೇಳು ಎಂದೆ. ಮೂರು ಸಲ ಹೇಳಿದ್ದಾನಂತೆ. ಗಾಡಿ ನಿಲ್ಲಿಸಿದರೆ ಊರಿಗೆ ನೀರಿಲ್ಲ, ನಿಲ್ಲಿಸುವ ಹಾಗಿಲ್ಲ ಎನ್ನುತ್ತಾನಂತೆ ಮಾಲಕ. "ನೀವು ನೋಡ್ಕೊಂಡು ಹೋಗ್ರಿ ಉಸ್ತಾದ್, ನಿಮಗೇನ್ ಹೇಳೋದು" ಎಂದ. ನನಗೇನು ಹೇಳುವುದು, ನಿಜ.

ಮೇ 14, ಮಂಗಳವಾರ

ಇವತ್ತು ಬರೆಯಲಾಗುವುದಿಲ್ಲ.

ಮೇ 17, ಶುಕ್ರವಾರ

ಹುಬ್ಬಿನ ಮೇಲೆ ಆರು ಹೊಲಿಗೆ. ನನಗೆ ಇನ್ನೇನೂ ಆಗಿಲ್ಲ. ಅಂಜನಾಳ ಎಡಗೈ ಮುರಿದಿದೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಮಂಗಳವಾರ ಔರಾದ ಕಡೆಯ ಒಂದು ಹಳ್ಳಿಯಿಂದ ಜಿಜಾಬಾಯಿ ಎಂಬ ಬಸುರಿಯನ್ನು ಹತ್ತಿಸಿಕೊಂಡೆವು. ಇಪ್ಪತ್ತಮೂರು ವರ್ಷ, ಎಂಟು ತಿಂಗಳು. ಹೈದರಾಬಾದಿನಲ್ಲಿ ಗಂಡ ಗೋರಖನಾಥನ ಜೊತೆ ಇಟ್ಟಿಗೆ ಹೊರುತ್ತಿದ್ದವಳು, ಬಾಣಂತನಕ್ಕೆ ಊರಿಗೆ ಬಂದಿದ್ದಳು. ಮೈಯಲ್ಲಿ ರಕ್ತ ಕಡಿಮೆ, ಬೀದರದಲ್ಲಿ ರಕ್ತ ಏರಿಸಬೇಕು ಎಂದು ಅಂಜನಾ ಹೇಳಿದಳು. ಜಿಜಾಬಾಯಿ ನನ್ನ ಹಿಂದಿನ ಸೀಟಿನಲ್ಲಿ, ಅಂಜನಾ ನನ್ನ ಪಕ್ಕದಲ್ಲಿ. ದಾರಿಯುದ್ದಕ್ಕೂ ಜಿಜಾಬಾಯಿ ಮಾತಾಡುತ್ತಲೇ ಇದ್ದಳು. ಇಂಥ ತಣ್ಣನೆಯ ಗಾಡಿಯಲ್ಲಿ ಎಂದೂ ಕುಳಿತಿರಲಿಲ್ಲ ಎಂದಳು.

ಹನ್ನೊಂದು ಗಂಟೆಯ ಬಿಸಿಲು. ಜನವಾಡದ ತಿರುವಿನಲ್ಲಿ ನೀರು ಮತ್ತು ಕರಿಮಣ್ಣು. ವೇಗ ಅರವತ್ತು ಇರಬೇಕು. ಹಿಂದಿನ ಗಾಲಿಗಳು ಬಿಟ್ಟುಕೊಟ್ಟವು. ಕಾಲು ಎತ್ತಿದೆ, ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಿದೆ, ಸರಿಯಾಗಿ ಏನು ಮಾಡಬೇಕೋ ಅದನ್ನೇ ಮಾಡಿದೆ. ಗಾಡಿ ಒಂದು ಕ್ಷಣ ಕೈಗೆ ಸಿಕ್ಕಿತು. ಮತ್ತೆ ಆ ಕಡೆಗೆ ಹೊರಳಿತು. ಅರ್ಧ ಸುತ್ತು ತಿರುಗಿ ಜಾಲಿಮರಕ್ಕೆ ಬಡಿಯಿತು, ಬಲಗಡೆಯ ಹಿಂದಿನ ಬಾಗಿಲಿಗೆ.

ಜಿಜಾಬಾಯಿಯ ಸೊಂಟದ ಮೂಳೆ ಮುರಿದಿದೆ. ಜೀವ ಉಳಿಯಿತು. ಕೂಸು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು. ಗರ್ಭಚೀಲ ತೆಗೆದಿದ್ದಾರೆ.

ನೀರು ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ.

ಮೇ 18, ಶನಿವಾರ

ಬುದ್ಧ ಪೂರ್ಣಿಮೆ. ವಿಹಾರಕ್ಕೆ ಹೋಗಿ ಹಿಂದೆ ಕುಳಿತೆ. ಎಲ್ಲರೂ ಬಂದು ಭುಜ ತಟ್ಟಿದರು. ನನ್ನ ಹೆಸರು ಹಿಡಿದು, ಮಚ್ಛೇಂದ್ರನಂಥ ಡ್ರೈವರ್ ಕೈಯಲ್ಲೇ ಗಾಡಿ ನಿಲ್ಲಲಿಲ್ಲ ಅಂದರೆ ಯಾರ ಕೈಯಲ್ಲೂ ನಿಲ್ಲುತ್ತಿರಲಿಲ್ಲ ಎಂದರು. ಬೇರೆ ಯಾರಾದರೂ ಆಗಿದ್ದರೆ ಮೂವರೂ ಹೋಗುತ್ತಿದ್ದರು ಎಂದರು.

ಪೊಲೀಸರು ಬಂದು ಹೇಳಿಕೆ ತೆಗೆದುಕೊಂಡರು. ರಸ್ತೆಯಲ್ಲಿ ಟ್ಯಾಂಕರಿನ ನೀರಿತ್ತು, ಗಾಡಿ ಜಾರಿತು ಎಂದೆ. ಸುಳ್ಳು ಹೇಳಿಲ್ಲ. ಅಮೀರ ಪಾಶಾನನ್ನು ಹಿಡಿದಿದ್ದಾರೆ. ರೋಜಾ ಉಪವಾಸ ಹಿಡಿದು ನಿದ್ದೆಗಣ್ಣಲ್ಲಿ ಓಡಿಸುತ್ತಿದ್ದ ಎಂದು ಓಣಿಯಲ್ಲಿ ಮಾತು ಹಬ್ಬಿದೆ. ಹೈದರಾಬಾದಿನಿಂದ ಬಂದ ಗೋರಖನಾಥ ಠಾಣೆಯ ಮುಂದೆ ಅವನ ಕೊರಳಪಟ್ಟಿ ಹಿಡಿದು ಹೊಡೆದನಂತೆ, ಹಲ್ಲು ಒಡೆದಿದೆಯಂತೆ. ಅದೇ ಗೋರಖನಾಥ ದವಾಖಾನೆಯಲ್ಲಿ ನನ್ನ ಎರಡೂ ಕೈ ಹಿಡಿದು, ನನ್ನ ಹೆಂಡತಿಯನ್ನು ಉಳಿಸಿದಿರಿ ಎಂದು ಅತ್ತ.

ಮೇ 22, ಬುಧವಾರ

ಅಮೀರ ಪಾಶಾನ ಹೆಂಡತಿ ಮಹಮೂದಾ ಬೇಗಂ ಬಂದಿದ್ದಳು. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲಲ್ಲಿ ನಿಂತಳು. ವಾಲ್ವು ಸೋರುವುದನ್ನು ಆತ ಮಾಲಕನಿಗೆ ಹೇಳಿದ್ದು ನಿಮಗೆ ಗೊತ್ತಲ್ಲ, ಅಷ್ಟು ಮಾತು ಠಾಣೆಯಲ್ಲಿ ಹೇಳಿದರೆ ಸಾಕು ಎಂದಳು. ಟ್ಯಾಂಕರು ಜಪ್ತಾಗಿ ಮೂರು ಊರಿಗೆ ನೀರಿಲ್ಲ, ಜನ ಅದಕ್ಕೂ ತಮ್ಮನ್ನೇ ಶಪಿಸುತ್ತಿದ್ದಾರೆ ಎಂದಳು. ನೋಡೋಣ ಎಂದೆ.

ಅವಳು ಹೋದ ಮೇಲೆ ಕೇಶರಬಾಯಿ ತಟ್ಟೆ ತಂದಿಟ್ಟು ನನ್ನನ್ನೇ ನೋಡುತ್ತಿದ್ದಳು. "ಊಟಕ್ಕ ಕುಂತಾಗೂ ಎಡಕ್ಕ ಬಲಕ್ಕ ಕೈ ತಿರವ್ತೀರಿ. ಏನ್ ಹಿಡೀಲಿಕತ್ತೀರಿ?" ಎಂದಳು. ಹಾಗೇನೂ ಮಾಡುತ್ತಿಲ್ಲ ಎಂದೆ. ಇವಳಿಗೆ ಎಲ್ಲದರಲ್ಲೂ ಏನೋ ಕಾಣುತ್ತದೆ.

ಮೇ 24, ಶುಕ್ರವಾರ

ಅಂಜನಾ ಬಂದಳು, ಕೈ ಕೊರಳಿಗೆ ಕಟ್ಟಿಕೊಂಡು. ನಾಳೆ ಅವಳ ಹೇಳಿಕೆಯಂತೆ. ಚಹಾ ಕುಡಿಯಲಿಲ್ಲ. ಕೇಶರಬಾಯಿ ನೀರಿನ ಸರದಿಗೆ ಹೋಗುವವರೆಗೆ ಕಾದಳು. ಆಮೇಲೆ ಹೇಳಿದಳು.

"ಕಾಕಾ, ಆಕಿನ್ನ ಹತ್ತಿಸಿಕೊಂಡ ಮ್ಯಾಲ ನೀವು ಬಟನ್ ಒತ್ತಿದ್ದು ನಾ ನೋಡೀನಿ."

ಆರಿದ ಚಹಾವನ್ನು ಅವಳ ಕಡೆ ಸರಿಸಿದೆ.

"ಇವತ್ತ ಬ್ಯಾಡ್ರಿ, ಹೊಟ್ಟೀಲಿದ್ದಾಕಿ ಕುಂತಾಳ ಅಂತ ಅಂದೆ. ನೀವು ನಕ್ಕು ಒತ್ತಿದ್ರಿ. ನನಗ ಇನ್ನೂ ಗಾಡಿ ಕೈಗೂಡಿಲ್ಲ, ಆದ್ರೂ ಏಪ್ರಿಲ್‌ದಾಗ ಗಾಡಿ ನನ್ನ ಉಳಸ್ತು. ನಾಳಿ ಅವರು ಕೇಳಿದ್ರ ನಾ ಏನ್ ಹೇಳ್ಲಿರಿ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸ್ಟೇರಿಂಗ್ ಹಿಡಿಯಲು ಕಲಿಸಿದವರು ಯಾರು, ನಿನ್ನೆ ಮೊನ್ನೆ ಲೈಸೆನ್ಸ್ ತೆಗೆದವಳು ನನಗೆ ಪಾಠ ಹೇಳುತ್ತೀಯಾ ಎಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಅವಳು ಎದ್ದು ಹೋಗುವಾಗ ಒಂದೇ ಕೈಯಲ್ಲಿ ಚಪ್ಪಲಿ ಸರಿಮಾಡಿಕೊಳ್ಳಲು ಒದ್ದಾಡುತ್ತಿದ್ದಳು. ನಾನು ನೋಡುತ್ತ ಕುಳಿತೆ.

ಮೇ 25, ಶನಿವಾರ

ಅಂಜನಾ ಹೇಳಿಕೆ ಕೊಟ್ಟಳಂತೆ. ತಾನು ಹಿಂದೆ ತಿರುಗಿ ರೋಗಿಯನ್ನು ನೋಡುತ್ತಿದ್ದೆ, ಮುಂದಿನದು ಏನೂ ನೋಡಿಲ್ಲ ಎಂದಳಂತೆ.

ಒಳ್ಳೆಯದಾಯಿತು.

ಮೇ 29, ಬುಧವಾರ

ಗಾಡಿಯಲ್ಲಿ ಉಳಿದಿದ್ದ ಔಷಧದ ಪೆಟ್ಟಿಗೆ ತರಲು ಗ್ಯಾರೇಜಿಗೆ ಹೋಗಿದ್ದೆ. ಮಿಸ್ತ್ರಿ ಜಹೀರೋದ್ದೀನ ಹಳೆಯ ಪರಿಚಯ. ಹಿಂದಿನ ಬಾಗಿಲು ಸೀಟಿನವರೆಗೆ ಒಳಗೆ ಹೋಗಿದೆ. ಸೀಟಿನ ಮೇಲೆ ಬಳೆಯ ಚೂರುಗಳಿದ್ದವು.

ಯಾರೋ ಪರಿಚಯದವನ ವಿಷಯ ಎಂಬಂತೆ ಕೇಳಿದೆ, ಆ ಇ.ಎಸ್.ಸಿ. ಬಂದ್ ಮಾಡಿದರೆ ಒಳ್ಳೆಯ ಡ್ರೈವರಿಗೆ ಏನು ನಷ್ಟ ಎಂದು. ಅವನು ಬೋಲ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟ. "ಉಸ್ತಾದ್, ಜಾರಿದಾಗ ಅದು ನಾಕು ಗಾಲಿದಾಗ ಯಾವ್ದು ಬೇಕೋ ಅದೊಂದಕ್ಕ ಬ್ರೇಕ್ ಹಾಕ್ತದ. ನಿಮಗ ಪೆಡಲ್ ಒಂದೇ ಅದ. ನೀವು ಒತ್ತಿದ್ರ ನಾಕಕ್ಕೂ ಬೀಳ್ತದ. ಹ್ಯಾಂಗ ಮಾಡ್ತೀರಿ? ಎಷ್ಟ ವರ್ಷ ಓಡಿಸಿದ್ರೂ ಪೆಡಲ್ ನಾಕು ಆಗ್ತಾವೇನ್ರಿ?" ಎಂದ. ಹೊಸಬರು ಹೆದರಿ ಜಾರಿಸುತ್ತಾರೆ, ಹಳಬರು ಧೈರ್ಯದಲ್ಲಿ ಜಾರಿಸುತ್ತಾರೆ, ತನ್ನ ಗ್ಯಾರೇಜಿಗೆ ಇಬ್ಬರ ಗಾಡಿಗಳೂ ಒಂದೇ ಥರ ಬರುತ್ತವೆ ಎಂದ. ನಾವು ಜಾರಿದೆವು ಅಂತ ತಿಳಿದುಕೊಳ್ಳುವ ಮುಂಚೆಯೇ ಅದು ತಿಳಿದುಕೊಂಡಿರುತ್ತದಂತೆ. ಅತೀ ವೇಗ ಇದ್ದರೆ ಅದರಿಂದಲೂ ಆಗುವುದಿಲ್ಲ, ಅರವತ್ತಕ್ಕೆಲ್ಲ ಸಾಮಾನ್ಯವಾಗಿ ಹಿಡಿಯುತ್ತದೆ ಎಂದ.

ಅರವತ್ತು ಎಂದು ನಾನು ಹೇಳಿರಲಿಲ್ಲ. ಕಾಗದಪತ್ರದಲ್ಲಿ ನೋಡಿರಬೇಕು. ಯಾರ ವಿಷಯ ಎಂದು ಅವನು ಕೇಳಲೂ ಇಲ್ಲ.

ಮೇ 30, ಗುರುವಾರ

ಹದಿನೇಳನೇ ತಾರೀಖಿನ ಪುಟದಲ್ಲಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ ಎಂದು ಬರೆದು ಒಂದು ಸಾಲು ಬಿಟ್ಟಿದ್ದೇನೆ. ಇಲ್ಲಿ ಬರೆಯುತ್ತೇನೆ. ಜಿಜಾಬಾಯಿ ಹತ್ತಿದ ಮೇಲೆ ಗಾಡಿ ಚಾಲೂ ಮಾಡಿದೆ. ಅಂಜನಾ ಬೇಡ ಎಂದಳು. ನಾನು ಬಟನ್ ಒತ್ತಿ ಮೂರು ಸೆಕೆಂಡು ಹಿಡಿದೆ. ಬಸುರಿ ಹೆಂಗಸಿನ ಎದುರು ದೀಪ ಮಿಣುಕಿದರೆ ಅವಳು ನನ್ನನ್ನು ಕಚ್ಚಾ ಡ್ರೈವರ್ ಎಂದುಕೊಂಡಾಳು ಎಂದು ಒತ್ತಿದೆ. ಇದು ಯಾರೂ ನೋಡದ ಡೈರಿ. ಇದರಲ್ಲೇ ನನಗೆ ಬರೆಯಲಾಗಿರಲಿಲ್ಲ.

ನೀರಿತ್ತು. ಆ ತಿರುವಿನಲ್ಲಿ ನೀರಿದೆ ಎಂದು ನನಗೆ ಹದಿನೇಳು ದಿನದಿಂದ ಗೊತ್ತಿತ್ತು. ಅರವತ್ತರಲ್ಲಿ ಹೋದೆ.

ಜೂನ್ 6, ಗುರುವಾರ

ನಿನ್ನೆ ರಂಜಾನ್ ಹಬ್ಬ. ಹಬ್ಬಕ್ಕೆ ಮುಂಚೆ ಅಮೀರ ಪಾಶಾನಿಗೆ ಜಾಮೀನು ಸಿಕ್ಕಿತೆಂದು ಕೇಳಿ ಇವತ್ತು ಅವನ ಮನೆಗೆ ಹೋದೆ. ಬೀಗ ಹಾಕಿತ್ತು. ಮಾಲಕ ಕೆಲಸದಿಂದ ತೆಗೆದನಂತೆ, ಸುತ್ತಲ ಊರಿನಲ್ಲಿ ಯಾರೂ ಸ್ಟೇರಿಂಗ್ ಕೊಡಲಿಲ್ಲವಂತೆ. ಹಬ್ಬದ ನಮಾಜು ಮುಗಿಸಿ ಹೆಂಡತಿ ಮಕ್ಕಳ ಸಮೇತ ಹೈದರಾಬಾದಿನ ಬಸ್ಸು ಹತ್ತಿದ ಎಂದರು ಪಕ್ಕದವರು. ಏನು ಕೆಲಸಕ್ಕೆ ಎಂದು ಕೇಳಿದೆ. ಇಟ್ಟಿಗೆ ಹೊರಲು ಎಂದರು. ಕೋರ್ಟಿನ ತಾರೀಖಿಗೆ ಬಂದು ಹೋಗುತ್ತಾನಂತೆ.

ನನ್ನ ಕೈಯಲ್ಲಿ ಪಳಗಿದ ಡ್ರೈವರ್ ಅವನು. ಮಾಲಕನಿಗೆ ಮೂರು ಸಲ ಹೇಳಿದ್ದೇನೆ ಎಂದು ಅವನು ಅಂದದ್ದನ್ನು ನಾನು ಕಿವಿಯಾರೆ ಕೇಳಿಸಿಕೊಂಡಿದ್ದೆ. ನೋಡೋಣ ಎಂದು ಅವನ ಹೆಂಡತಿಗೆ ಹೇಳಿ ಹದಿನೈದು ದಿನ ಕುಳಿತೆ. ನಾಚಿಕೆಯಾಗುತ್ತದೆ.

ಜೂನ್ 8, ಶನಿವಾರ

ದವಾಖಾನೆಗೆ ಹಣ್ಣು ತೆಗೆದುಕೊಂಡು ಹೋದೆ. ಜಿಜಾಬಾಯಿಯ ತಾಯಿ ಸ್ಟೂಲು ಸೆರಗಿನಿಂದ ಒರೆಸಿ ಕೂರಿಸಿದಳು. ಗೋರಖನಾಥ ಎರಡು ವಾರ ಇದ್ದು, ಇನ್ನೂ ಬಿಟ್ಟರೆ ಜಾಗ ಹೋಗುತ್ತದೆಂದು ಹೈದರಾಬಾದಿಗೆ ಮರಳಿದ್ದಾನೆ. ಹೆಂಡತಿಯನ್ನು ಮನೆಗೆ ಬಿಡುವ ದಿನ ಬರುತ್ತಾನೆ. ಜಿಜಾಬಾಯಿ ನನ್ನ ಹುಬ್ಬಿನ ಗಾಯ ಹೇಗಿದೆ ಎಂದು ಕೇಳಿದಳು. ಮತ್ತೆ ಮದುವೆ ಮಾಡಿಕೋ ಎಂದು ಗಂಡನಿಗೆ ಅವನ ಮನೆಯವರು ಹೇಳುತ್ತಿದ್ದಾರೆ, ಅವನು ಒಪ್ಪಿಲ್ಲ ಎಂದಳು. "ಇರ್ಲಿ ಬಿಡ್ರಿ ಕಾಕಾ. ನಿಮ್ಮಂಥಾ ಡ್ರೈವರ್ ಇದ್ದಿದ್ದಕ್ಕ ನಾನರೆ ಉಳದೆ" ಎಂದಳು.

ಹಣ್ಣು ಕೊಟ್ಟು ಎದ್ದು ಬಂದೆ. ಮೆಟ್ಟಿಲಲ್ಲಿ ಕುಳಿತು ಅತ್ತೆ. ಜನ ನೋಡುತ್ತಿದ್ದರು.

ಜೂನ್ 11, ಮಂಗಳವಾರ

ಠಾಣೆಗೆ ಹೋದೆ. ಎರಡು ತಾಸು ಕೂರಿಸಿದರು. ಸಾಹೇಬರಿಗೆ ಎಲ್ಲ ಹೇಳಿದೆ, ಬಟನ್ನು, ದೀಪ, ಅರವತ್ತರ ವೇಗ, ಅಮೀರ ಪಾಶಾ ಮಾಲಕನಿಗೆ ಹೇಳಿದ್ದು. ಅವರು ಪೆನ್ನು ತೆಗೆಯಲೇ ಇಲ್ಲ.

"ಬಟನ್ ಒತ್ತಬಾರ್ದು ಅಂತ ಯಾವ ಕಾನೂನಿನಾಗ ಅದರಿ?" ಎಂದರು.

ಕಾನೂನು ನನಗೆ ಗೊತ್ತಿಲ್ಲ ಎಂದೆ.

"ಆ ಸಿಸ್ಟರ್ ಏನೂ ನೋಡಿಲ್ಲ ಅಂತ ಸಹಿ ಮಾಡ್ಯಾಳ. ಈಗ ನೀವು ಹಿಂಗ ಬರಸಿದ್ರ ಆಕಿ ಸುಳ್ಳಿ ಆಗ್ತಾಳ. ನಿಮಗ ತಲಿಗೆ ಪೆಟ್ಟು ಬಿದ್ದದ, ವಯಸ್ಸಾಗ್ಯಾದ. ಮನೀಗ ಹೋಗ್ರಿ."

ಇಷ್ಟು ವರ್ಷ ಒಂದು ಷರಾ ಬೀಳಬಾರದೆಂದು ಬದುಕಿದವನು ನಾನು. ನನ್ನ ಮೇಲೆ ಬರೆಯಿರಿ ಎಂದು ಕೈಮುಗಿದು ಕೇಳಿದರೆ ಬರೆಯುವವರಿಲ್ಲ. ಕೊನೆಗೆ ಹೊರಗೆ ಬಂದು, ಕಾಗದದ ಮೇಲೆ ನಾನೇ ಬರೆದು ಸಹಿ ಮಾಡಿದೆ. ಒಂದು ಪ್ರತಿ ಠಾಣೆಯ ಮೇಜಿನ ಮೇಲಿಟ್ಟೆ. ಇನ್ನೊಂದನ್ನು ಅಮೀರ ಪಾಶಾನ ವಕೀಲರಿಗೆ ಕೊಟ್ಟೆ, ಅವರು ಎರಡು ಸಲ ಓದಿ ಜೋಪಾನವಾಗಿ ಮಡಿಸಿಟ್ಟರು. ಅಂಜನಾಳ ಮಾತು ಅದರಲ್ಲಿ ಎತ್ತಿಲ್ಲ.

ಅಲ್ಲಿಂದ ಜನವಾಡಕ್ಕೆ ಹೋದೆ. ಅಂಜನಾ ಅಂಗಳದಲ್ಲಿ ಒಂದು ಕೈಯಲ್ಲಿ ಕೊಡ ತೊಳೆಯುತ್ತಿದ್ದಳು. ಅವಳ ಮುಂದೆ ನಿಂತು, ನಿನ್ನ ಬಾಯಲ್ಲಿ ಸುಳ್ಳು ಹೇಳಿಸಿದೆ, ತಪ್ಪಾಯಿತು ಎಂದೆ. ಅವಳು ಕೊಡ ಬೋರಲು ಹಾಕಿದಳು. ಇನ್ನು ಗಾಡಿ ಕಲಿಯುವುದಿಲ್ಲ, ಲೈಸೆನ್ಸ್ ಟ್ರಂಕಿನಲ್ಲಿಟ್ಟಿದ್ದೇನೆ ಎಂದಳು. ಕಲಿ, ನನ್ನಿಂದ ಬೇಡ, ಬೇರೆ ಯಾರಿಂದಾದರೂ ಕಲಿ ಎಂದೆ. ಕೂತುಕೊಳ್ಳಿ ಎಂದು ಅವಳು ಹೇಳಲಿಲ್ಲ.

ಜೂನ್ 13, ಗುರುವಾರ

ಜಿಜಾಬಾಯಿಗೆ ಹೇಳಿದೆ.

ತಾಯಿ ನೀರು ತರಲು ಹೋಗಿದ್ದಳು. ಮೊದಲಿನಿಂದ ಹೇಳಿದೆ. ಗಾಡಿಯಲ್ಲಿ ಜಾರದಂತೆ ಹಿಡಿಯುವ ವ್ಯವಸ್ಥೆ ಇತ್ತು, ನನ್ನ ಹೆಮ್ಮೆಗಾಗಿ ದಿನವೂ ಬಂದ್ ಮಾಡುತ್ತಿದ್ದೆ, ನಿನ್ನನ್ನು ಕೂರಿಸಿಕೊಂಡ ದಿನವೂ ಮಾಡಿದೆ, ನೀರಿರುವುದು ಗೊತ್ತಿದ್ದೂ ವೇಗದಲ್ಲಿ ಹೋದೆ ಎಂದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ನಿದ್ದೆ ಬಂತೇನೋ ಎಂದುಕೊಂಡೆ.

"ಆ ಸಿಸ್ಟರ್ ಓಡಿಸ್ತಿದ್ರ ಏನಾಗ್ತಿತ್ತು?" ಎಂದಳು.

ಅವಳಿಗೆ ಗಾಡಿ ಸರಿಯಾಗಿ ಬರುವುದಿಲ್ಲ ಎಂದು ಹೇಳಬಹುದಿತ್ತು. ಅದೂ ನಿಜವೇ.

"ಆಕಿ ಅದನ್ನ ಬಂದ್ ಮಾಡ್ತಿರಲಿಲ್ಲ" ಎಂದೆ. "ಆಕಿ ಓಡಿಸಿದ್ರ ನಿನ್ನ ಕೂಸು ಬಹಳ ಮಾಡಿ ಉಳೀತಿತ್ತು."

ಅವಳು ಗೋಡೆಯ ಕಡೆ ಮುಖ ತಿರುಗಿಸಲು ನೋಡಿದಳು. ಸೊಂಟ ಬಿಡಲಿಲ್ಲ. ಕುತ್ತಿಗೆ ಮಾತ್ರ ತಿರುಗಿತು. ತಾಯಿ ಬಂದು, ಏನಾಯಿತು ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಜಿಜಾಬಾಯಿ, ಏನಿಲ್ಲ, ನೀ ಹೊರಗೆ ಹೋಗು ಎಂದಳು. ಹೋಗಲೋ ಇರಲೋ ತಿಳಿಯದೆ ಅಲ್ಲೇ ನಿಂತಿದ್ದೆ.

ಆಮೇಲೆ ಗೋಡೆಯನ್ನೇ ನೋಡುತ್ತ ಮಾತಾಡಿದಳು.

"ಅವರು ನಾಳಿ ಹತ್ತರ ಬಸ್ಸಿಗ ಬರ್ತಾರ. ಟ್ಯಾಂಕರದಾವನ ಹಲ್ಲು ಮುರದು, ನಿಮ್ಮ ಕೈ ಹಿಡದು ಅತ್ತು ಹೋದೋರು ಅವರು. ನಾ ಹೇಳಂಗಿಲ್ಲ. ನೀವ ಹೇಳ್ರಿ. ಈಗ ನನಗ ಹೇಳ್ದಂಗ ಹೇಳ್ರಿ, ಒಂದ ಮಾತೂ ಬಿಡಬ್ಯಾಡ್ರಿ."

ಹೇಳುತ್ತೇನೆ ಎಂದೆ.

ಮನೆಗೆ ಬಂದು ಕೇಶರಬಾಯಿಗೆ ತಿಳಿಸಿದೆ. ಅವನು ಕೈ ಎತ್ತಿದರೆ ಎಂದಳು. ಎತ್ತಲಿ ಎಂದೆ. ತಾನೂ ಬರುತ್ತೇನೆ ಎಂದಳು, ಬೇಡ ಎಂದೆ. ಹೈದರಾಬಾದಿನ ಬಸ್ಸು ಒಮ್ಮೊಮ್ಮೆ ಬೇಗ ಬಂದುಬಿಡುತ್ತದೆ. ಒಂಬತ್ತೂವರೆಗೆಲ್ಲ ನಿಲ್ದಾಣದಲ್ಲಿರಬೇಕು.